ಸೈಕಲ್ ರೇಸ್ ನೋಡಲು ಊರೆಲ್ಲ ಬರಲಿ, ಒಂದು ಹೆಜ್ಜೆ ಹಿಂದೆ ನಿಲ್ಲಲಿ

ಮಾನ್ಯ ಸಂಪಾದಕರೇ,

2026ರ ಜನವರಿಯಲ್ಲಿ ಪುಣೆ ಜಿಲ್ಲೆಯ ರಸ್ತೆಗಳಲ್ಲಿ ಅಂತರರಾಷ್ಟ್ರೀಯ ಸೈಕಲ್ ರೇಸ್ ನಡೆದ ಮೇಲೆ ನಮ್ಮ ಭಾಗದ ಸೈಕಲ್ ಪ್ರಿಯರಲ್ಲೂ ಆಸೆ ಚಿಗುರಿದೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಲೇ ಇದ್ದಾರೆ. ಬೀದರ್‌ನಿಂದ ಹುಮನಾಬಾದ್ ಮೇಲೆ ಕಲಬುರಗಿಗೆ ಬರುವ ಹೆದ್ದಾರಿಯೇ ಮುಂದೆ ಅವರ ವಿಜಯಪುರಕ್ಕೂ ಹೋಗುತ್ತದೆ. ಈ ಹಾದಿಯಲ್ಲಿ ಒಂದು ದೊಡ್ಡ ರೇಸ್ ಬಂದರೆ ಹುಮನಾಬಾದ್‌ನಂಥ ಊರಿನಲ್ಲಿ ಅಂದು ಮನೆಯೊಳಗೆ ಯಾರೂ ಉಳಿಯಲಿಕ್ಕಿಲ್ಲ. ರೇಸ್ ಬರಲಿ, ಮಂದಿಯೂ ಬರಲಿ. ಆದರೆ ನೋಡಲು ಬಂದವರು ಎಲ್ಲಿ, ಹೇಗೆ ನಿಲ್ಲಬೇಕು ಎಂಬುದನ್ನು ಈಗಿನಿಂದಲೇ ಊರಿಗೆ ತಿಳಿಸಬೇಕು. ರಸ್ತೆ ರೇಸ್‌ಗೆ ಟಿಕೆಟ್ ಇಲ್ಲ, ಗ್ಯಾಲರಿ ಇಲ್ಲ. ಆಟದ ಅಂಗಳದ ಅಂಚಿನಲ್ಲೇ ಜನ ನಿಂತಿರುತ್ತಾರೆ. ಅವರು ಅರ್ಧ ಹೆಜ್ಜೆ ಮುಂದೆ ಸರಿದರೆ ಅಂಗಳವೇ ಅಷ್ಟು ಕಿರಿದಾಗುತ್ತದೆ.

ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11 ಮೀಟರ್. ಮುಂದಿನವನು ಗಾಳಿ ಸೀಳಿಕೊಟ್ಟರೆ ಹಿಂದಿನವನಿಗೆ ಶ್ರಮ ಬಹಳ ಉಳಿಯುತ್ತದೆ. ಅದಕ್ಕಾಗಿ ಸವಾರರು ಒಬ್ಬರ ಗಾಲಿಗೆ ಇನ್ನೊಬ್ಬರ ಗಾಲಿ ಒಂದು ಗೇಣು ದೂರವಿಟ್ಟು ಹೋಗುತ್ತಾರೆ. ಗುಂಪಿನ ನಡುವೆ ಇರುವವನಿಗೆ ಮುಂದಿನವನ ಬೆನ್ನು ಬಿಟ್ಟರೆ ಬೇರೇನೂ ಕಾಣದು. ಡಾಂಬರಿನ ಅಂಚಿಗೆ ಬಂದ ಮಗು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಟೈರಿನ ಅಗಲ 25ರಿಂದ 28 ಮಿಲಿಮೀಟರ್, ನೆಲಕ್ಕೆ ತಾಗುವ ಭಾಗ ಹೆಬ್ಬೆರಳಿನಷ್ಟು. ಒಬ್ಬ ಬಿದ್ದರೆ ಹಿಂದಿನ ಹತ್ತಾರು ಮಂದಿಗೆ ಬ್ರೇಕ್ ಹಿಡಿಯುವಷ್ಟು ಜಾಗವೂ ಇರುವುದಿಲ್ಲ.

2021ರ ಜೂನ್ 26ರಂದು ಜಗತ್ತಿನ ಹೆಸರಾಂತ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನ ಮೊದಲ ದಿನವೇ ಹೀಗಾಯಿತು. ಒಬ್ಬ ಮಹಿಳೆ ಕ್ಯಾಮೆರಾಕ್ಕೆ ಕಾಣಲೆಂದು ರಟ್ಟಿನ ಫಲಕ ಹಿಡಿದು, ಬರುತ್ತಿದ್ದ ಗುಂಪಿಗೆ ಬೆನ್ನು ಮಾಡಿ ರಸ್ತೆಗೆ ಬಾಗಿದರು. ಜರ್ಮನಿಯ ಟೋನಿ ಮಾರ್ಟಿನ್ ಆ ರಟ್ಟಿಗೆ ತಾಗಿ ಬಿದ್ದರು, ಅವರ ಮೇಲೆ ಉಳಿದವರು ರಾಶಿ ಬಿದ್ದರು. ಕರ್ತವ್ಯದಲ್ಲಿದ್ದವರೂ ತಪ್ಪುತ್ತಾರೆ. 1994ರಲ್ಲಿ ಅದೇ ರೇಸ್ ಆರ್ಮೆಂಟಿಯರ್ಸ್ ಎಂಬ ಊರಿನಲ್ಲಿ ಮುಗಿಯುವಾಗ ಬಂದೋಬಸ್ತಿಗೆ ನಿಂತ ಪೊಲೀಸರೊಬ್ಬರೇ ಫೋಟೊ ತೆಗೆಯಲು ಮುಂದಕ್ಕೆ ಬಾಗಿದ್ದರು. ಕೊನೆಯ ಸ್ಪ್ರಿಂಟ್‌ನಲ್ಲಿದ್ದ ಬೆಲ್ಜಿಯಂ ಸವಾರ ನೆಲಿಸೆನ್ ಆ ಪೊಲೀಸರಿಗೆ ಡಿಕ್ಕಿ ಹೊಡೆದರು, ಫ್ರಾನ್ಸ್‌ನ ಸವಾರ ಜಲಬೇರ್ ಅವರ ಮುಖ ಒಡೆಯಿತು. 2014ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಹಳ್ಳಿ ಹಳ್ಳಿಯೂ ಹಳದಿ ಸೈಕಲ್ ತೂಗುಹಾಕಿ ಅದೇ ರೇಸನ್ನು ಬರಮಾಡಿಕೊಂಡಿತು. ಅಲ್ಲೂ ಸವಾರರ ದೊಡ್ಡ ದೂರು, ರೇಸಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುತ್ತಿದ್ದವರದ್ದೇ. ಮೊಬೈಲ್ ಪರದೆಯಲ್ಲಿ ಸೈಕಲ್ ಇನ್ನೂ ದೂರ ಇದ್ದಂತೆ ತೋರುತ್ತದೆ. ಹೀಗಾಗಿ ಫೋನ್ ಹಿಡಿದವನು ತನಗರಿವಿಲ್ಲದೆ ಮುಂದಕ್ಕೆ ಬಾಗುತ್ತಾನೆ. ಫೋನನ್ನು ಎದೆಗೆ ಒತ್ತಿ ಹಿಡಿಯಲಿ, ಕೈ ಚಾಚುವುದು ಬೇಡ.

ಇನ್ನು ಹೊತ್ತಿನ ಲೆಕ್ಕ. ಬೀದರ್‌ನಿಂದ ಹುಮನಾಬಾದ್ ಸುಮಾರು 50 ಕಿ.ಮೀ. ಬೆಳಿಗ್ಗೆ 7ಕ್ಕೆ ರೇಸ್ ಬಿಟ್ಟರೆ, ಗಂಟೆಗೆ 38 ಕಿ.ಮೀ. ವೇಗದಲ್ಲಿ 8.19ಕ್ಕೆ, 44ರ ವೇಗದಲ್ಲಿ 8.08ಕ್ಕೆ ಗುಂಪು ಊರು ಮುಟ್ಟುತ್ತದೆ. ಚಳಿಗಾಲದ ಮೂಡಣ ಗಾಳಿ ಬೆನ್ನಿಗಿದ್ದರೆ ಇನ್ನೂ ಬೇಗ. ಊರಲ್ಲಿ ಡಂಗುರ ಸಾರುವಾಗ ಒಂದೇ ಸಮಯ ಹೇಳದೆ ಈ ಎರಡನ್ನೂ ಹೇಳಬೇಕು, ರಸ್ತೆಯನ್ನು 7.45ಕ್ಕೇ ಮುಚ್ಚಬೇಕು. ಶಾಲಾ ಮಕ್ಕಳನ್ನು 6 ಗಂಟೆಗೇ ತಂದು ಸಾಲಾಗಿ ನಿಲ್ಲಿಸುವುದು ನಮ್ಮಲ್ಲಿ ರೂಢಿ. ದಯವಿಟ್ಟು ಅದು ಬೇಡ. ಅರ್ಧ ಗಂಟೆ ಮೊದಲು ಬಂದರೆ ಸಾಕು. ಮಕ್ಕಳು ಹಗ್ಗದ ಹಿಂದೆಯೇ ಇರಲಿ, ಐವತ್ತು ಮಕ್ಕಳಿಗೆ ಇಬ್ಬರಾದರೂ ಶಿಕ್ಷಕರಿರಲಿ. ಆಂಬುಲೆನ್ಸ್ ಮತ್ತು ಹೆರಿಗೆ ಕೇಸುಗಳಿಗೆ ರಸ್ತೆ ದಾಟುವ ಒಂದು ಜಾಗವನ್ನು ಮೊದಲೇ ಗೊತ್ತು ಮಾಡಿ, ಅಲ್ಲಿ ವಾಕಿಟಾಕಿ ಹಿಡಿದ ಪೊಲೀಸರನ್ನು ನಿಲ್ಲಿಸಬೇಕು.

ಒತ್ತಾಗಿ ಬಂದ ನೂರಿಪ್ಪತ್ತು ಸವಾರರ ಗುಂಪು ಕಣ್ಣೆದುರು ಹಾದುಹೋಗಲು ಹತ್ತು ಸೆಕೆಂಡು ಸಾಕು. ಅಪಾಯ ಹೆಚ್ಚುವುದು ಅದರ ನಂತರವೇ. 'ಮುಗೀತು' ಎಂದು ಜನ ರಸ್ತೆಗಿಳಿಯುತ್ತಾರೆ. ಆದರೆ ಗುಂಪಿನ ಬೆನ್ನಿಗೇ ತೀರ್ಪುಗಾರರ ಕಾರು, ವೈದ್ಯರ ಕಾರು, ಮೇಲೆ ಸೈಕಲ್ ಕಟ್ಟಿಕೊಂಡ ತಂಡಗಳ ಕಾರುಗಳ ಸಾಲು ಬರುತ್ತಿರುತ್ತದೆ. ಪಂಕ್ಚರ್ ಆಗಿ ಹಿಂದೆ ಬಿದ್ದ ಸವಾರ ಆ ಕಾರುಗಳ ಮರೆಯಲ್ಲೇ ಜೋರಾಗಿ ತುಳಿಯುತ್ತ ಗುಂಪು ಸೇರಲು ಬರುತ್ತಾನೆ. ಹಾಗಾಗಿ ಬಾವುಟ ನೋಡಲು ಕಲಿಯಬೇಕು. ಮುಂದೆ ಕೆಂಪು ಬಾವುಟದ ವಾಹನ ಹಾದರೆ ರಸ್ತೆ ರೇಸಿನದು. ಕೊನೆಯಲ್ಲಿ ಹಸಿರು ಬಾವುಟದ ವಾಹನ ಹೋದ ಮೇಲಷ್ಟೇ ಅದು ಮತ್ತೆ ಊರಿನದು.

ಎಲ್ಲಿ ನಿಲ್ಲಬೇಕು? ತಿರುವಿನ ಹೊರಮಗ್ಗುಲಲ್ಲಿ ಯಾರೂ ನಿಲ್ಲಬಾರದು. ಎಡಕ್ಕೆ ತಿರುಗುವ ಸೈಕಲ್ ವೇಗಕ್ಕೆ ಬಲ ಅಂಚಿಗೆ ಹೋಗುತ್ತದೆ, ಹಿಡಿತ ತಪ್ಪಿದವನು ನೇರ ಅಲ್ಲಿಗೇ ನುಗ್ಗುತ್ತಾನೆ. ನಮ್ಮ ಬಯಲು ಹೊಲಗಳ ನಡುವೆ ಅಡ್ಡಗಾಳಿ ಬೀಸಿದರೆ ಸವಾರರು ಓರೆಸಾಲಾಗಿ ಹರಡುತ್ತಾರೆ, ಕೊನೆಯವನು ಗಾಳಿ ಹೋಗುವ ಕಡೆಯ ಡಾಂಬರಿನ ಅಂಚಿನಲ್ಲೇ ಇರುತ್ತಾನೆ. ಆ ಮಗ್ಗುಲಿನವರು ಇನ್ನೊಂದು ಮಾರು ಹಿಂದೆ ಸರಿಯಬೇಕು. ಚೆನ್ನಾಗಿ ನೋಡಬೇಕೆಂದರೆ ಏರು ಹುಡುಕಿ. ಏರಿನಲ್ಲಿ ವೇಗ ಇಳಿಯುತ್ತದೆ, ಗುಂಪು ಚದುರುತ್ತದೆ, ಒಬ್ಬೊಬ್ಬರ ಮುಖ, ಉಸಿರು ಎಲ್ಲ ಕಾಣುತ್ತದೆ. ಸಂಘಟಕರು ಊರಿನೊಳಗೆ ಐದಾರು ಕಿ.ಮೀ. ಸುತ್ತು ಹಾಕಿ ಮೂರು ಬಾರಿ ತಂದರೆ ಹತ್ತು ಸೆಕೆಂಡಿನ ನೋಟ ಮೂರು ಸಲ ಸಿಗುತ್ತದೆ, ಜನರಿಗೂ ನೂಕುವ ಆತುರ ಇರುವುದಿಲ್ಲ.

ಬ್ಯಾರಿಕೇಡ್ ಬಗ್ಗೆ ಪುರಸಭೆಯವರು ಗಮನಿಸಬೇಕು. ಅಂತರರಾಷ್ಟ್ರೀಯ ನಿಯಮದಂತೆ ಗೆಲುವಿನ ಗೆರೆಗೆ ಮೊದಲು ಕನಿಷ್ಠ 300 ಮೀಟರ್, ಆಮೇಲೆ 100 ಮೀಟರ್ ತಡೆ ಇರಬೇಕು. ಎರಡೂ ಬದಿಗೆ ಸೇರಿ 800 ಮೀಟರ್, ಎರಡು ಮೀಟರಿನದಾದರೆ 400 ಬ್ಯಾರಿಕೇಡ್. ಅಷ್ಟನ್ನು ಕೂಡಿಸಲು ಆಗದ ಊರು ಗೆಲುವಿನ ಗೆರೆ ತನಗೇ ಬೇಕೆಂದು ಹಟ ಹಿಡಿಯಬಾರದು. ಅದನ್ನು ಕಲಬುರಗಿಗೆ ಬಿಡಲಿ. ನಮ್ಮ ಪೊಲೀಸ್ ಬ್ಯಾರಿಕೇಡ್‌ಗಳ ಕಾಲು ಎರಡೂ ಕಡೆ ಚಾಚಿರುತ್ತವೆ. ರಸ್ತೆ ಕಡೆಗೆ ಚಾಚಿದ ಕಾಲಿಗೆ ಪೆಡಲ್ ಸಿಕ್ಕರೆ ಸವಾರ ನೆಲಕ್ಕೆ. ಗಾಲಿ ಇರುವ ಬ್ಯಾರಿಕೇಡ್ ಜನ ಒರಗಿದಂತೆ ತಾನೇ ಮುಂದೆ ಜರುಗುತ್ತದೆ. ಒಂದಕ್ಕೊಂದು ತಂತಿಯಲ್ಲಿ ಬಿಗಿದು ಕಟ್ಟಬೇಕು, ಬ್ಯಾನರ್‌ಗಳ ಕೆಳ ಅಂಚನ್ನೂ ಕಟ್ಟಬೇಕು. ಉಳಿದ ಕಡೆ ಹಗ್ಗ ಸಾಕು. ಆದರೆ ಸೊಂಟದೆತ್ತರದ ಹಗ್ಗ ಸರಿಯಾಗಿ ಹ್ಯಾಂಡಲ್‌ನ ಎತ್ತರಕ್ಕೇ ಬರುತ್ತದೆ. ಅದಕ್ಕೆ ಡಾಂಬರಿನ ಅಂಚಿನಿಂದ ಒಂದೂವರೆ ಮೀಟರ್ ಹಿಂದೆ ಕಟ್ಟಿ, ಅಂಚಿಗೆ ಸುಣ್ಣದ ಗೆರೆ ಎಳೆಯಬೇಕು. ಕಂಬ, ಡಿವೈಡರ್ ತುದಿ, ಮೋರಿಯ ಗೋಡೆ ಇದ್ದಲ್ಲಿ ಮರಳು ಚೀಲ ಇಡಬೇಡಿ, ಅದು ಕಲ್ಲಿದ್ದಂತೆ. ತೊಗರಿ ಹೊಟ್ಟು ತುಂಬಿದ ಗೋಣಿಚೀಲ ಇಡಿ. ಬಿದ್ದವನನ್ನು ಅದು ತಡೆಯುತ್ತದೆ, ನಮ್ಮಲ್ಲಿ ಅದಕ್ಕೆ ಬರವೂ ಇಲ್ಲ.

ರಸ್ತೆಯ ಸಿದ್ಧತೆ ಹಿಂದಿನ ದಿನವೇ ಮುಗಿಯಬೇಕು. ಬಸ್ ನಿಲ್ದಾಣದ ಮುಂದೆ ಚೆಲ್ಲಿದ ಡೀಸೆಲ್ ಮೇಲೆ ಕಟ್ಟಿಗೆ ಪುಡಿ ಹರಡಿ ಗುಡಿಸಿ, ಸೋಪಿನ ಪುಡಿ ಹಾಕಿ ತಿಕ್ಕಬೇಕು. ಬೆಳಿಗ್ಗೆ ನೀರು ಹೊಡೆದರೆ ಇನ್ನಷ್ಟು ಜಾರುತ್ತದೆ. ಟ್ರ್ಯಾಕ್ಟರ್ ಗಾಲಿಗೆ ಅಂಟಿ ಬಂದ ಎರೆಮಣ್ಣನ್ನು ಅರೆ ಒಣಗಿದಾಗ ಸಲಿಕೆಯಿಂದ ಕೆರೆದು ತೆಗೆಯಬೇಕು. ಒದ್ದೆಯಾದರೆ ಅದು ಸಾಬೂನೇ. ಹಂಪ್‌ಗಳಿಗೆ ಬಿಳಿ ಬಣ್ಣ ಹೊಡೆದು, ನೂರು ಮೀಟರ್ ಮೊದಲೇ ಹಳದಿ ಬಾವುಟ ಮತ್ತು ಸೀಟಿ ಹಿಡಿದ ಒಬ್ಬ ವಯಸ್ಕರನ್ನು ನಿಲ್ಲಿಸಬೇಕು. ಡಿಸೆಂಬರ್, ಜನವರಿಯಲ್ಲಿ ರಾಶಿ ಮಾಡಲು ರಸ್ತೆ ಮೇಲೆ ಬೆಳೆ ಹಾಸುತ್ತಾರಲ್ಲ, ಅದರ ಕಡ್ಡಿ ಚೂರು ಟೈರಿಗೆ ಮುಳ್ಳು, ಕಾಳು ಬೇರಿಂಗ್ ಗುಂಡು. ರೈತರನ್ನು ಬೈದು ಎಬ್ಬಿಸುವ ಬದಲು ಮೂರು ದಿನ ಮೊದಲೇ ಹೇಳಿ, ಎಪಿಎಂಸಿ ಅಂಗಳವನ್ನೋ ಶಾಲೆ ಮೈದಾನವನ್ನೋ ಬಿಟ್ಟುಕೊಡಬೇಕು. ಸಂಕ್ರಾಂತಿ ಹೊತ್ತಿಗೆ ರೇಸ್ ಬಂದರೆ ತಂತಿಗಳಿಂದ ಜೋತಾಡುವ ಗಾಳಿಪಟದ ಮಾಂಜಾ ದಾರವನ್ನು ಒಂದು ಬಿಡದಂತೆ ಕಿತ್ತು ತೆಗೆಯಬೇಕು. ಕುತ್ತಿಗೆ ಎತ್ತರದ ಆ ದಾರ ಸವಾರನಿಗೆ ಕಾಣುವುದೇ ಇಲ್ಲ. ದನಗಳನ್ನು ಕಟ್ಟಿಹಾಕಬೇಕು. ಬೀದಿನಾಯಿಗಳಿಗೆ ಓಣಿಗೊಬ್ಬರಂತೆ ಪರಿಚಿತರನ್ನು ನೇಮಿಸಿ, ಒಳಗಲ್ಲಿಯಲ್ಲಿ ಅನ್ನ ಹಾಕಿ ಹಿಡಿದಿಟ್ಟುಕೊಳ್ಳಬೇಕು. ಕಲ್ಲು ಹೊಡೆದರೆ ಅವು ರಸ್ತೆಗೇ ಓಡುತ್ತವೆ.

ಇದೆಲ್ಲ ನಮ್ಮ ಊರಿಗೆ ಆಗದ ಮಾತಲ್ಲ. ವೀರಭದ್ರೇಶ್ವರ ಜಾತ್ರೆಯ ಜನಸಾಗರವನ್ನು ನಿಭಾಯಿಸುವ ಊರಿದು. ತೇರಿನ ಗಾಲಿಯ ಮುಂದೆ ಯಾರೂ ಹೋಗಬಾರದೆಂದು ಇಲ್ಲಿನ ಮಗುವಿಗೂ ಗೊತ್ತು. ಜಾತ್ರೆಯಲ್ಲಿ ಹಗ್ಗ ಹಿಡಿದು ಮಂದಿ ಹಿಂದೆ ಸರಿಸುವ ಅನುಭವಿ ತರುಣರನ್ನೇ ರೇಸಿಗೂ ಕರೆಯಿರಿ. ಒಂದೇ ವ್ಯತ್ಯಾಸ: ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುವ ಕೈ ಇಲ್ಲಿ ಏನನ್ನೂ ಎಸೆಯಬಾರದು. ಒಂದು ಉತ್ತತ್ತಿ ಬೀಜ ಮುಂದಿನ ಗಾಲಿಗೆ ಸಿಕ್ಕರೆ ಹ್ಯಾಂಡಲ್ ತಿರುಚುತ್ತದೆ, ಚೆಂಡುಹೂವಿನ ಎಸಳು ತುಳಿದಾಗ ಎಣ್ಣೆಯಂತೆ ಜಾರುತ್ತದೆ. ಹಾರ ಹಾಕುವುದು, ಜೊತೆಗೆ ಓಡುವುದು, ಬೆನ್ನು ತಳ್ಳುವುದು, ಮುಖಕ್ಕೆ ನೀರು ಎರಚುವುದು, ಪಟಾಕಿ ಯಾವುದೂ ಬೇಡ. ಹಲಗೆ ಬಾರಿಸಿ, ಡೊಳ್ಳು ಬಾರಿಸಿ, ಗಂಟಲು ಬಿಚ್ಚಿ ಕೂಗಿ, ಸವಾರರಿಗೆ ಅದು ಬಲ ಕೊಡುತ್ತದೆ. ಅವರು ಬಿಸಾಕಿದ ಬಾಟಲಿಗೆ ಮಕ್ಕಳು ಓಡದಂತೆ ಮಾತ್ರ ನೋಡಿಕೊಳ್ಳಿ.

ಯಾರಾದರೂ ಬಿದ್ದರೆ ಅವರನ್ನು ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ, ಹೆಲ್ಮೆಟ್ ಕಳಚಬೇಡಿ. ಸೈಕಲ್‌ನಿಂದ ಬಿದ್ದವರಿಗೆ ಹೆಚ್ಚಾಗಿ ಮುರಿಯುವುದು ಕೊರಳೆಲುಬು (ಕಾಲರ್ ಬೋನ್), ತೋಳು ಹಿಡಿದು ಎಳೆದರೆ ಅದು ಇನ್ನೂ ಕೆಡುತ್ತದೆ. ಕುತ್ತಿಗೆಗೆ ಪೆಟ್ಟಾಗಿದ್ದರೆ ಅಲುಗಾಡಿಸಿದರೇ ಅನಾಹುತ. ಒಬ್ಬರು ಬಿದ್ದ ಜಾಗಕ್ಕಿಂತ ಐವತ್ತು ಮೀಟರ್ ಮೊದಲೇ ರಸ್ತೆಯ ಅಂಚಿನಲ್ಲಿ ನಿಂತು ಬಟ್ಟೆ ಬೀಸುತ್ತ ಹಿಂದಿನವರನ್ನು ಎಚ್ಚರಿಸಲಿ. ಉಳಿದದ್ದನ್ನು ವೈದ್ಯರ ಕಾರು ನೋಡಿಕೊಳ್ಳುತ್ತದೆ.

ಇನ್ನೊಂದು ಮಾತು. ಗುಂಪಿನಿಂದ ಬಿಟ್ಟುಹೋದ ಸವಾರರು ಹತ್ತು, ಹದಿನೈದು ನಿಮಿಷ ತಡವಾಗಿ ಒಬ್ಬೊಬ್ಬರೇ ಬರುತ್ತಾರೆ. ಆ ಹೊತ್ತಿಗೆ ಜನ ಚಹದಂಗಡಿಗೆ ಹೊರಟು, ಬೈಕುಗಳು ಗಲ್ಲಿಗಳಿಂದ ನುಗ್ಗಿರುತ್ತವೆ. ಹಸಿರು ಬಾವುಟ ಕಾಣುವವರೆಗೆ ಹಗ್ಗ ಬಿಚ್ಚಬೇಡಿ. ಕೊನೆಗೆ ಬಂದವರಿಗೂ ರಸ್ತೆ ಖಾಲಿ ಇರಲಿ, ಹಲಗೆಯೂ ನಿಲ್ಲದಿರಲಿ.

— ಸೈಕಲ್ ರೇಸ್ ಆಸಕ್ತರು, ಹುಮನಾಬಾದ್, ಬೀದರ್ ಜಿಲ್ಲೆ