ಹೂವಿನ ತಟ್ಟೆ ಹಿಡಿದಿದ್ದ ಅಕ್ಕನಿಗೆ

ಪಕ್ಷದ ರಾಜ್ಯ ಮಹಿಳಾ ಘಟಕದವರು ಮಡಿಕೇರಿಯಲ್ಲಿ ಹಳೆಯ ಕಾರ್ಯಕರ್ತೆಯರನ್ನು ಸನ್ಮಾನಿಸಿದರು. ನಮ್ಮಮ್ಮನೂ ಇದ್ದರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಪರಿಹಾರ ಕೇಂದ್ರದಲ್ಲಿ ಅನ್ನ ಬೇಯಿಸಿದವರು ಅವರು. ಸೋಮವಾರಪೇಟೆಯಿಂದ ಬರುವಷ್ಟರಲ್ಲಿ ರಸ್ತೆಯ ತಿರುವುಗಳಿಗೆ ತಲೆ ಸುತ್ತಿ, ಸಭಾಂಗಣದ ಮೆಟ್ಟಿಲ ಮೇಲೇ ಕುಸಿದು ಕೂತರು. ಜೋರು ಮಳೆ ಬೇರೆ. ನನಗೆ ಕೈಕಾಲೇ ಆಡಲಿಲ್ಲ.

ಬಾಗಿಲಲ್ಲಿ ಹೂವು ಕೊಡುತ್ತಿದ್ದ ನೀವು ತಟ್ಟೆ ಕೆಳಗಿಟ್ಟು ಓಡಿ ಬಂದಿರಿ. ಅಮ್ಮನ ಒದ್ದೆ ಚಪ್ಪಲಿ ಬಿಚ್ಚಿ, ಪಾದವನ್ನು ನಿಮ್ಮ ಸೆರಗಲ್ಲೇ ಒರೆಸಿದಿರಿ. ಬೆಲ್ಲದ ಕಾಫಿ ತಂದು, ಆರಿಸಿ ಆರಿಸಿ ಕುಡಿಸಿದಿರಿ. "ಅವಸರ ಬೇಡಮ್ಮ, ನಿಮ್ಮ ಹೆಸರು ಕೊನೆಗೆ ಕರೀತಾರೆ, ಹೇಳಿ ಬಂದಿದ್ದೀನಿ" ಅಂದಿರಿ. ಆಗಲೇ ನನಗೆ ಹೋದ ಜೀವ ಬಂತು. ಇದನ್ನೆಲ್ಲ ಮಾಡಿ ಅಂತ ನಿಮಗೆ ಯಾರೂ ಹೇಳಿರಲಿಲ್ಲ, ಅಲ್ವಾ?

ಅಮ್ಮ ನಿಮ್ಮ ಕೈ ಹಿಡಿದೇ ವೇದಿಕೆ ಹತ್ತಿದರು. ಹೆಸರು ಕೇಳೋಣ ಅಂದರೆ ನೀವು ಊಟ ಬಡಿಸಲು ಹೋಗಿಯಾಗಿತ್ತು. ತುಂಬಾ ಥ್ಯಾಂಕ್ಸ್ ಅಕ್ಕ. ಅಮ್ಮ ಈಗ ಆರಾಮಾಗಿದ್ದಾರೆ, ನಿಮ್ಮನ್ನು ಮನೆಗೆ ಕರೆಯುತ್ತಿದ್ದಾರೆ.