ಪಿಲಿಕುಳದಲ್ಲಿ ಕೈ ಹಿಡಿದ ಅಕ್ಕನಿಗೆ

ರಜೆಯಲ್ಲಿ ಮಕ್ಕಳ ಜೊತೆ ಮಂಗಳೂರಿನ ಪಿಲಿಕುಳಕ್ಕೆ ಹೋಗಿದ್ದೆವು. ತಿರುಗುವ ಆಟದಿಂದ ಇಳಿದದ್ದೇ ತಡ, ನೆಲವೇ ಗಿರ್ರನೆ ತಿರುಗಿತು. ನನಗೆ ಮೊದಲೇ ತಲೆಸುತ್ತಿನ ತೊಂದರೆ. ಆಗ ಎಲ್ಲಿಂದಲೋ ಓಡಿ ಬಂದಿರಿ ನೀವು.

"ಕಣ್ಣು ಮುಚ್ಚಬೇಡಿ ಮಾರಾಯ್ರೆ, ಆ ತೆಂಗಿನ ಮರ ಒಂದನ್ನೇ ನೋಡಿ" ಅಂದಿರಿ. ಕಟ್ಟೆಗೆ ಒರಗಿಸಿ ಕೂರಿಸಿದಿರಿ. ತಲೆ ಅಲುಗದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಿರಿ. ನಿಮ್ಮ ಜಡೆಯ ಮಲ್ಲಿಗೆಯ ವಾಸನೆ ಈಗಲೂ ನೆನಪಿದೆ. ಗಾಬರಿಯಾಗಿದ್ದ ಮಗಳನ್ನೂ ಪಕ್ಕದಲ್ಲೇ ಕೂರಿಸಿಕೊಂಡಿರಿ, ಅದು ದೊಡ್ಡ ಉಪಕಾರ.

ಒಳಕಿವಿಯ ಸಣ್ಣ ಕ್ಯಾಲ್ಸಿಯಂ ಹರಳುಗಳು ಜಾಗ ತಪ್ಪಿದರೂ ಹೀಗಾಗುತ್ತದೆ, ತಲೆಯನ್ನು ಕ್ರಮವಾಗಿ ತಿರುಗಿಸಿ ಸರಿ ಮಾಡಬಹುದು ಎಂದು ಆಮೇಲೆ ಡಾಕ್ಟರು ಹೇಳಿದರು. ನನ್ನದು ಅದೇ ಆಗಿತ್ತು. ಈಗ ಜಾಸ್ತಿ ತೊಂದರೆ ಇಲ್ಲ.

ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ತುಂಬಾ ಥ್ಯಾಂಕ್ಸ್, ಅಕ್ಕ.