ಅಂಕೋರ್‌ನಲ್ಲಿ ದಾರಿ ತೋರಿದ ಚಾಲಕರಿಗೆ ಧನ್ಯವಾದ

ಕಾಂಬೋಡಿಯದ ಸಿಯೆಮ್ ರೀಪ್‌ಗೆ ಮೊದಲ ಬಾರಿ ಹೋಗಿದ್ದ ನನಗೂ ನನ್ನ ತಾಯಿಯವರಿಗೂ ಅಂಕೋರ್ ದೇವಾಲಯಗಳನ್ನು ನೋಡುವ ಕ್ರಮವನ್ನು ತಾಳ್ಮೆಯಿಂದ ತಿಳಿಸಿಕೊಟ್ಟ ಟುಕ್‌ಟುಕ್ ಚಾಲಕರಿಗೆ ಹೃತ್ಪೂರ್ವಕ ಧನ್ಯವಾದಗಳನ್ನು ಸಲ್ಲಿಸುತ್ತೇನೆ.

ಟಿಕೆಟನ್ನು ಅಧಿಕೃತ ಕೇಂದ್ರದಲ್ಲಿ ಮೊದಲೇ ಪಡೆಯಬೇಕೆಂದೂ, ಹರಿದ ಡಾಲರ್ ನೋಟುಗಳನ್ನು ಅಂಗಡಿಯವರು ತೆಗೆದುಕೊಳ್ಳುವುದಿಲ್ಲವೆಂದೂ, ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪಿಲ್ಲದಿದ್ದರೆ ಅಂಕೋರ್ ವಾಟ್‌ನ ಮೇಲಿನ ಅಂತಸ್ತಿಗೆ ಬಿಡುವುದಿಲ್ಲವೆಂದೂ ಅವರು ಹೊರಡುವ ಮುನ್ನವೇ ತಿಳಿಸಿದರು.

ಎಲ್ಲಕ್ಕಿಂತ ಹೆಚ್ಚು ಉಪಕಾರವಾದದ್ದು ಅವರ ಮತ್ತೊಂದು ಸಲಹೆ. 12ನೇ ಶತಮಾನದಲ್ಲಿ ಎರಡನೆಯ ಸೂರ್ಯವರ್ಮನು ಕಟ್ಟಿಸಿದ ಈ ವಿಷ್ಣು ದೇವಾಲಯವು ಪಶ್ಚಿಮಾಭಿಮುಖವಾಗಿರುವುದರಿಂದ ಪಶ್ಚಿಮದ ಮೊಗಸಾಲೆಯಲ್ಲಿರುವ ಕುರುಕ್ಷೇತ್ರ ಮತ್ತು ಲಂಕಾಯುದ್ಧದ ಕೆತ್ತನೆಗಳನ್ನು ಮಧ್ಯಾಹ್ನದ ಮೇಲೂ, ಪೂರ್ವದ ಮೊಗಸಾಲೆಯಲ್ಲಿರುವ ಸಮುದ್ರಮಥನವನ್ನು ಬೆಳಿಗ್ಗೆಯೂ ನೋಡಬೇಕೆಂದು ಅವರು ಹೇಳಿದರು. ಹಾಗೆಯೇ ಹೋದೆವು. ವಾಸುಕಿಯನ್ನು ಹಿಡಿದೆಳೆಯುವ ದೇವಾಸುರರ ಉದ್ದನೆಯ ಸಾಲಿನ ಕೆಳಗೆ, ಕಡಗೋಲಾದ ಮಂದರದ ಸಮೀಪ, ನೀರಿನ ರಭಸಕ್ಕೆ ಮೀನುಗಳು ತುಂಡಾಗಿರುವುದನ್ನು ಅಮ್ಮನೇ ಮೊದಲು ಗುರುತಿಸಿದರು. ಆ ಸಂತೋಷ ಸಂಪೂರ್ಣವಾಗಿ ಆ ಚಾಲಕರ ಕೊಡುಗೆ.

ಅಮ್ಮನ ಮೊಣಕಾಲು ನೋವನ್ನು ಗಮನಿಸಿದ ಅವರು, ಮೇಲಂತಸ್ತಿನ ಮೆಟ್ಟಿಲುಗಳು ಬಹಳ ಕಡಿದೆಂದು ಎಚ್ಚರಿಸಿ, ಬಿಸಿಲೇರುವ ಮೊದಲೇ ನಮ್ಮನ್ನು ವಸತಿಗೆ ಮರಳಿಸಿದರು. ಅಲ್ಲಿಗೆ ಹೋಗುವವರು ಇಂಥ ಸ್ಥಳೀಯ ಚಾಲಕರನ್ನು ಇಡೀ ದಿನಕ್ಕೆ ಗೊತ್ತುಮಾಡಿಕೊಂಡು, ಬಾಡಿಗೆಯನ್ನು ಮೊದಲೇ ಮಾತಾಡಿ, ಅವರ ಶ್ರಮಕ್ಕೆ ತಕ್ಕ ಹಣವನ್ನು ಚೌಕಾಸಿಯಿಲ್ಲದೆ ಕೊಡಬೇಕೆಂದು ವಿನಂತಿಸುತ್ತೇನೆ.